ಒಂದು ಕಂಪ್ಯೂಟರ್ ಕೈಕೊಟ್ಟರೆ...

‘ಸರ್ವರ್ ಡೌನ್, ನಾಳೆ ಬನ್ನಿ’. ಬ್ಯಾಂಕಿನಿಂದ ತಾಲ್ಲೂಕು ಕಚೇರಿವರೆಗೆ ನಾವು ಕೇಳಿ ಕೇಳಿ ಒಗ್ಗಿಹೋಗಿರುವ ಮಾತಿದು. 2024ರ ಜುಲೈ 19ರಂದು ಇಡೀ ಜಗತ್ತೇ ಇದನ್ನು ಕೇಳಬೇಕಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಿಂದಾಗಿ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ವಿಮಾನ, ಬ್ಯಾಂಕ್, ಆಸ್ಪತ್ರೆ ಎಲ್ಲಕ್ಕೂ ಬಿಸಿ ತಟ್ಟಿತು.

ಕಂಪ್ಯೂಟರ್ ಸೈನ್ಸ್ ಓದಿ ಕೆಲಸ ಹುಡುಕುತ್ತಿರುವ ನನಗೆ, ಪಠ್ಯದಲ್ಲಿ ಎರಡು ಅಂಕಕ್ಕೆ ಓದಿದ ಫಾಲ್ಟ್, ಎರರ್, ಫೇಲ್ಯೂರ್ ಎಂಬ ಮೂರು ಪದಗಳ ವ್ಯತ್ಯಾಸ ಅರ್ಥವಾಗಿದ್ದು ಈ ಪ್ರಕರಣದಿಂದ. ಆ ಸಾಫ್ಟ್‌ವೇರ್‌ನ ಒಂದು ಭಾಗ 21 ಮಾಹಿತಿಗಳನ್ನು ನಿರೀಕ್ಷಿಸುತ್ತಿತ್ತು. ಅದಕ್ಕೆ ಸಿಗುತ್ತಿದ್ದುದು 20. ಇದು ಫಾಲ್ಟ್, ಅಂದರೆ ದೋಷ. ತಿಂಗಳುಗಟ್ಟಲೆ ಅದು ಸುಮ್ಮನೆ ಮಲಗಿತ್ತು. ಜುಲೈ 19ರ ಅಪ್‌ಡೇಟ್ 21ನೆಯದನ್ನು ಕೇಳಿದಾಗ, ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈಹಾಕಿತು. ಇದು ಎರರ್. ಅದು ಆಪರೇಟಿಂಗ್ ಸಿಸ್ಟಂನ ಒಳಮನೆಯಲ್ಲೇ ಕೆಲಸ ಮಾಡುತ್ತಿದ್ದುದರಿಂದ ಇಡೀ ಯಂತ್ರ ಕುಸಿಯಿತು. ಇದು ಫೇಲ್ಯೂರ್.

ದೋಷವೇ ಇಲ್ಲದ ಸಾಫ್ಟ್‌ವೇರ್ ಬರೆಯುವುದು ಬಹುಮಟ್ಟಿಗೆ ಅಸಾಧ್ಯ. ದೋಷ ವೈಫಲ್ಯವಾಗಿ ಬೆಳೆಯದಂತೆ ನಡುವೆ ತಡೆಗೋಡೆ ಕಟ್ಟುವುದು ಸಾಧ್ಯ. ಅಲ್ಲಿ ಅಂಥ ಮುಖ್ಯವಾದ ಕೆಲವು ಗೋಡೆಗಳೇ ಇರಲಿಲ್ಲ. ಅಪ್‌ಡೇಟನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ ನೋಡಿದ್ದರೆ ಸಾಕಿತ್ತು. 78 ನಿಮಿಷಗಳಲ್ಲಿ ಅದನ್ನು ಹಿಂಪಡೆದರೂ, ಬಿದ್ದ ಯಂತ್ರಗಳನ್ನು ಸಿಬ್ಬಂದಿ ಬಹುತೇಕ ಒಂದೊಂದಾಗಿಯೇ ಎಬ್ಬಿಸಬೇಕಾಯಿತು.

‘ಬ್ಯಾಕಪ್ ಇದೆಯಲ್ಲ’ ಎನ್ನುವುದೂ ಪೂರ್ಣ ಉತ್ತರವಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಅದರಲ್ಲಿ ದಿಕ್ಕು ಲೆಕ್ಕಹಾಕುವ ಎರಡು ಘಟಕಗಳಿದ್ದವು. ಆದರೆ ಎರಡರಲ್ಲೂ ಒಂದೇ ಸಾಫ್ಟ್‌ವೇರ್. ಎರಡೂ ಒಂದೇ ಕಾರಣಕ್ಕೆ ಕೈಕೊಟ್ಟವು. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. ಕ್ರೌಡ್‌ಸ್ಟ್ರೈಕ್ ಗೊಂದಲದ ದಿನ ನಮ್ಮ ವಿಮಾನ ನಿಲ್ದಾಣಗಳಲ್ಲಿ ಇಂಡಿಗೊ ಸಿಬ್ಬಂದಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಸಾಲು ಉದ್ದವಾಯಿತು, ಆದರೂ ಪ್ರಯಾಣಿಕರು ಮುಂದೆ ಸಾಗಿದರು. ಪೆನ್ನಿಗೆ ವಿಂಡೋಸ್‌ನ ಹಂಗಿರಲಿಲ್ಲ!

ಇದು ಎಂಜಿನಿಯರ್‌ಗಳಿಗಷ್ಟೇ ಸೇರಿದ ವಿಷಯವಲ್ಲ. ಹಲವು ಪ್ರವೇಶ ಪರೀಕ್ಷೆಗಳು, ನೇಮಕಾತಿ, ಅರ್ಜಿ, ಶುಲ್ಕ, ವಿದ್ಯಾರ್ಥಿವೇತನ ಈಗ ಬಹುಮಟ್ಟಿಗೆ ಆನ್‌ಲೈನ್. 2022ರ ಆಗಸ್ಟ್‌ನಲ್ಲಿ ತಾಂತ್ರಿಕ ತೊಂದರೆಯಿಂದ ಹಲವು ಕೇಂದ್ರಗಳಲ್ಲಿ ಸಿಯುಇಟಿ ಪರೀಕ್ಷೆಯನ್ನೇ ಮುಂದೂಡಬೇಕಾಯಿತು. ಸಾಲ ಮಾಡಿ ರಾತ್ರಿ ಬಸ್ಸಿನಲ್ಲಿ ಪರೀಕ್ಷಾ ಕೇಂದ್ರಕ್ಕೆ ಬರುವ ಅಭ್ಯರ್ಥಿಗೆ ‘ತಾಂತ್ರಿಕ ತೊಂದರೆ’ ಎಂದರೆ ಒಂದು ದಿನದ ಕೂಲಿ, ಕೆಲವೊಮ್ಮೆ ಒಂದು ವರ್ಷ.

ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆಗಳು ಸರಳ. ಸರ್ವರ್ ನಿಂತರೆ ಬರೆದ ಉತ್ತರ ಉಳಿಯುತ್ತದೆಯೇ? ಕಳೆದುಹೋದ ಸಮಯ ವಾಪಸ್ ಸಿಗುತ್ತದೆಯೇ? ಕೊನೆಯ ದಿನ ಪೋರ್ಟಲ್ ಕೈಕೊಟ್ಟರೆ ಗಡುವು ತಾನಾಗಿಯೇ ವಿಸ್ತರಣೆಯಾಗುತ್ತದೆಯೇ? ಉತ್ತರ ಪರೀಕ್ಷೆಯ ಪ್ರಕಟಣೆಯಲ್ಲೇ ಇರಬೇಕು. ಯಂತ್ರ ಕೆಡುವುದು ಸಹಜ. ಅದು ಕೆಟ್ಟಾಗ ಏನು ಮಾಡಬೇಕೆಂದು ಮೊದಲೇ ಯೋಚಿಸದಿರುವುದು ಸಹಜವಲ್ಲ, ನಿರ್ಲಕ್ಷ್ಯ.