ಹರಾಜಿನ ಸರ್ಕಾರಿ ಕಾರು



ಸರ್ಕಾರಿ ಇಲಾಖೆಗಳು ಹರಾಜಿಗಿಡುವ ಕಾರುಗಳ ವಿಷಯದಲ್ಲಿ ಕೊಳ್ಳುವವರು ಬೆಲೆಗಿಂತ ಮೊದಲು ವಾಹನದ ವಯಸ್ಸನ್ನು ಗಮನಿಸಬೇಕು. ಏಕೆಂದರೆ 2023ರ ಏಪ್ರಿಲ್ 1ರಿಂದ, ಕೆಲವು ವಿಶೇಷ ವಾಹನಗಳನ್ನು ಬಿಟ್ಟರೆ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣಗೊಳ್ಳದೆ ಅವು ನೋಂದಾಯಿತ ಗುಜರಿ ಘಟಕವನ್ನೇ ಸೇರುತ್ತವೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನ ಮೋಹಿತರಿಗೆ ಇದು ಕಹಿಸುದ್ದಿಯೇ ಸರಿ.

ಅವಧಿ ಉಳಿದಿರುವ ಕಾರುಗಳು ಸಾಮಾನ್ಯವಾಗಿ ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿನ ಮೇಲೆ, ಅಂದರೆ ದೋಷಗಳೆಲ್ಲ ಕೊಂಡವರ ಪಾಲಿಗೇ ಎಂಬ ಕರಾರಿನ ಮೇಲೆ, ಮಾರಾಟವಾಗುತ್ತವೆ. ಹಿಂಬದಿ ಆಸನದ ಬಿಳಿ ಟವೆಲ್ಲು ಶುಭ್ರವಾಗಿದ್ದರೂ, ಕಚೇರಿಯಂಗಳದಲ್ಲಿ ಬಿಸಿಲುಂಡು ನಿಂತ ಗಾಡಿಯ ಟೈರು ಬಿರಿದಿರುತ್ತದೆ, ಬ್ಯಾಟರಿ ಸತ್ತಿರುತ್ತದೆ. ಸ್ವಾಧೀನದ 30 ದಿನಗಳೊಳಗೆ ನಮೂನೆ 32ರಲ್ಲಿ, ನೋಂದಣಿ ಪತ್ರ ಹಾಗೂ ಮಾರಾಟ ದೃಢೀಕರಣ ಆದೇಶದೊಡನೆ, ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕಾಗಿರುವುದರಿಂದ, ನೋಂದಣಿ ಪತ್ರ ಲಭ್ಯವಿದೆಯೇ ಎಂಬುದನ್ನು ಹರಾಜು ಪ್ರಕಟಣೆಯಲ್ಲೇ ಮುದ್ರಿಸುವುದು ಇಲಾಖೆಗಳ ಹೊಣೆಯಾಗಬೇಕು.

– ಓದುಗರು, ಮೈಸೂರು