ಹವ್ಯಾಸ ಬಿಡಿಸಿ ಎಂಜಿನಿಯರ್ ಮಾಡಲು ಹೋಗಬೇಡಿ

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಕಡೆಯ ಮನೆಗಳಲ್ಲಿ ಒಂದು ಮಾತು ತಪ್ಪದೇ ಕೇಳಿಬರುತ್ತದೆ: “ಇನ್ನಮ್ಯಾಲರೆ ಆ ಪೇಟಿ ಬಾರಸೋದು ಬಿಡು, ಕಂಪ್ಯೂಟರ್ ಕಲಿ, ನೌಕರಿ ಹಿಡಿ.” ಪೇಟಿಯ ಜಾಗದಲ್ಲಿ ಕುಸ್ತಿ ಇರಬಹುದು, ಭಜನೆ ಇರಬಹುದು, ಕೆಟ್ಟ ಮೊಬೈಲ್ ಬಿಚ್ಚಿಕೊಂಡು ಕೂರುವ ಚಟ ಇರಬಹುದು. ತಂದೆ-ತಾಯಿಯ ಆತಂಕ ಸುಳ್ಳಲ್ಲ. ಕಬ್ಬಿನ ಬಿಲ್ಲಿಗೆ ಕಾದು, ಸೊಸೈಟಿಯಲ್ಲಿ ಸಾಲ ಎತ್ತಿ ಫೀ ಕಟ್ಟುವವರಿಗೆ ಮಕ್ಕಳು ದಾರಿ ತಪ್ಪಬಾರದು ಎಂಬ ಚಿಂತೆ ಇದ್ದೇ ಇರುತ್ತದೆ.

ಆದರೆ ಆ ಮಾತಿನಲ್ಲಿ ಒಂದು ತಪ್ಪು ಲೆಕ್ಕ ಇದೆ. ಹವ್ಯಾಸ ಒಂದು ಕಡೆ, ನೌಕರಿ ಇನ್ನೊಂದು ಕಡೆ, ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ಸಿಗುತ್ತದೆ ಎಂಬ ಲೆಕ್ಕ ಅದು. ಕಂಪ್ಯೂಟರ್ ಲೋಕದ ಒಂದು ಕೆಲಸಕ್ಕಂತೂ ಈ ಲೆಕ್ಕ ಹೊಂದುವುದೇ ಇಲ್ಲ. ಆ ಕೆಲಸ ಲಿನಕ್ಸ್ ಸಿಸ್ಟಮ್ ಎಂಜಿನಿಯರ್‌ನದು.

ಹೆಸರು ಹೊಸದು ಅನ್ನಿಸಬಹುದು. ವಸ್ತು ಮಾತ್ರ ನಿಮ್ಮ ಕೈಯಲ್ಲೇ ಇದೆ. ನೀವು ಇದನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ, ಆ ಫೋನಿನ ತಳದಲ್ಲಿ ಕೂತು ಬ್ಯಾಟರಿ, ಸ್ಕ್ರೀನು, ನೆಟ್‌ವರ್ಕ್ ಎಲ್ಲವನ್ನೂ ನಡೆಸುತ್ತಿರುವುದು ಲಿನಕ್ಸ್. ವಾಟ್ಸಾಪ್, ಯೂಟ್ಯೂಬ್‌ನಂಥ ಸೇವೆಗಳ ಹಿಂದೆ ಓಡುವ ದೊಡ್ಡ ಕಂಪ್ಯೂಟರುಗಳಿಗೆ ಸರ್ವರ್ ಅನ್ನುತ್ತಾರೆ. ಜಗತ್ತಿನ ಸರ್ವರ್‌ಗಳಲ್ಲಿ ಬಹುಪಾಲು ನಡೆಯುವುದು ಲಿನಕ್ಸ್ ಮೇಲೆಯೇ. 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಲಿನಕ್ಸ್ ಬಿಟ್ಟು ಬೇರೆಯದು ಇಲ್ಲ.

ಇಷ್ಟು ದೊಡ್ಡದು ಹುಟ್ಟಿದ್ದು ಎಲ್ಲಿ? ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಹುಡುಗನ ಕೋಣೆಯಲ್ಲಿ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಶುರು ಮಾಡಿದಾಗ, ಇದು ಬರೀ ಹವ್ಯಾಸ, ಭಾರಿ ದೊಡ್ಡದೇನೂ ಆಗುವುದಿಲ್ಲ ಎಂದು ತಾನೇ ಬರೆದುಕೊಂಡಿದ್ದ. ಮುಂದೆ ಆತನಿಗೆ ನೀರಿನಾಳಕ್ಕೆ ಇಳಿಯುವ ಡೈವಿಂಗ್ ಹುಚ್ಚು ಹಿಡಿಯಿತು. ಎಷ್ಟು ಆಳಕ್ಕೆ ಇಳಿದೆ, ಎಷ್ಟು ಹೊತ್ತು ಇದ್ದೆ ಎಂಬ ಲೆಕ್ಕ ಇಡಲು 2011ರಲ್ಲಿ ಸಬ್‌ಸರ್ಫೇಸ್ ಎಂಬ ತಂತ್ರಾಂಶ ಬರೆದ. ಜಗತ್ತಿನ ಡೈವಿಂಗ್ ಮಂದಿ ಅದನ್ನು ಇಂದಿಗೂ ಪುಕ್ಕಟೆ ಬಳಸುತ್ತಾರೆ.

ಈಗ ಆ ಎಂಜಿನಿಯರ್ ಮಾಡುವ ಕೆಲಸ ಏನು ಎಂದು ನೋಡೋಣ. ಊರಿನ ವಾಟರ್‌ಮನ್‌ನನ್ನು ನೆನೆಸಿಕೊಳ್ಳಿ. ನಳಕ್ಕೆ ನೀರು ಬರುತ್ತಿರುವಷ್ಟು ದಿನ ಅವನ ನೆನಪು ಯಾರಿಗೂ ಇಲ್ಲ. ಒಂದು ದಿನ ನೀರು ನಿಂತರೆ ಓಣಿಗೆ ಓಣಿಯೇ ಅವನನ್ನು ಹುಡುಕುತ್ತದೆ. ಸಿಸ್ಟಮ್ ಎಂಜಿನಿಯರ್ ಬದುಕೂ ಹಾಗೆಯೇ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿದಾಗ “ಸರ್ವರ್ ಇಲ್ರಿ, ನಾಳೆ ಬರ್ರಿ” ಅನ್ನಿಸಿಕೊಂಡು ಬಂದವರಿಗೆ ಸರ್ವರ್ ನಿಂತರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಂಥ ಯಂತ್ರಗಳು ಹಗಲು ರಾತ್ರಿ ನಡೆಯುವಂತೆ ನೋಡಿಕೊಳ್ಳುವುದು, ಮಾಹಿತಿಯ ಇನ್ನೊಂದು ಪ್ರತಿ ತೆಗೆದಿಡುವುದು, ಯಾರು ಏನನ್ನು ಮುಟ್ಟಬಹುದು ಎಂಬ ಕಟ್ಟುಪಾಡು ಹಾಕುವುದು, ಕೆಟ್ಟಾಗ ಎಲ್ಲಿ ಕೆಟ್ಟಿತು ಎಂದು ಸಾಲು ಸಾಲು ದಾಖಲೆ ಓದಿ ಪತ್ತೆ ಹಚ್ಚುವುದು ಅವರ ಕೆಲಸ. ನಡುರಾತ್ರಿ ಫೋನ್ ಬಂದರೂ ಎದ್ದು ಕೂರಬೇಕು.

ಈ ಕೆಲಸಕ್ಕೆ ಬೇಕಾದ ಮುಖ್ಯ ಗುಣ ಯಾವ ಪುಸ್ತಕದಲ್ಲೂ ಇಲ್ಲ. “ಇದು ಯಾಕ ಹಿಂಗಾತು?” ಎಂದು ಬಿಡದೆ ಕೆದಕುವ ಹಟ ಅದು. ಕೆಟ್ಟ ಪಂಪ್‌ಸೆಟ್ ಬಿಚ್ಚಿ ಕೂರುವವನಲ್ಲಿ, ಪೇಟಿಯ ಒಂದು ಸ್ವರ ಯಾಕೆ ಬೇಸೂರು ಎಂದು ತಲೆ ಕೆಡಿಸಿಕೊಳ್ಳುವವಳಲ್ಲಿ ಆ ಹಟ ಮೊದಲೇ ಇರುತ್ತದೆ. ನಾವು ಬಿಡಿಸಲು ಹೊರಟಿರುವುದು ಅದನ್ನೇ.

ದೂರದ ದೇಶದ ಮಾತು ಬೇಡ ಅನ್ನುವವರಿಗೆ ಬೆಳಗಾವಿಯ ಉದಾಹರಣೆಯೇ ಇದೆ. ಅತುಲ್ ಚಿಟ್ನಿಸ್ ಹುಟ್ಟಿದ್ದು 1962ರಲ್ಲಿ, ಜರ್ಮನಿಯ ಬರ್ಲಿನ್‌ನಲ್ಲಿ. ಎಂಜಿನಿಯರಿಂಗ್ ಓದಿದ್ದು ಬೆಳಗಾವಿಯ ಗೋಗಟೆ ಕಾಲೇಜಿನಲ್ಲಿ, ಅದೂ ಮೆಕ್ಯಾನಿಕಲ್. ಕಂಪ್ಯೂಟರ್ ಡಿಗ್ರಿ ಅವರ ಬಳಿ ಇರಲಿಲ್ಲ. ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೂ ವರ್ಷಗಳ ಮುಂಚೆ, 1980ರ ದಶಕದ ಕೊನೆಯ ಹೊತ್ತಿಗೆ, ಟೆಲಿಫೋನ್ ತಂತಿಯ ಮೂಲಕ ಒಂದು ಕಂಪ್ಯೂಟರಿಗೆ ಡಯಲ್ ಮಾಡಿ ಸಂದೇಶ ಬಿಟ್ಟು ಹೋಗುವ ವ್ಯವಸ್ಥೆಯನ್ನು ಅವರು ಕಟ್ಟಿದ್ದರು. ಒಬ್ಬರು ಬರೆದಿಟ್ಟರೆ ಇನ್ನೊಬ್ಬರು ಬಂದು ಓದುವುದು. ಇವತ್ತಿನ ವಾಟ್ಸಾಪ್ ಗ್ರೂಪಿನ ಅಜ್ಜ ಅನ್ನಬಹುದು.

1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜತೆ ಲಿನಕ್ಸ್ ಇರುವ ಸಿಡಿ ಹಂಚುವ ಕೆಲಸದ ಹಿಂದೆ ಇದ್ದವರು ಅವರು. ಆಗ ನೆಟ್‌ನಿಂದ ಇಳಿಸಿಕೊಳ್ಳುವುದು ಆಗದ ಮಾತು. ಪತ್ರಿಕೆ ಕೊಂಡವರ ಮನೆಗೆ ಲಿನಕ್ಸ್ ತಾನಾಗಿಯೇ ಬಂತು. ದೇಶದ ಎಷ್ಟೋ ಹುಡುಗರು ಲಿನಕ್ಸ್ ಮುಖ ನೋಡಿದ್ದೇ ಆ ಸಿಡಿಯಿಂದ. 2001ರಲ್ಲಿ ಗೆಳೆಯರ ಜತೆ ‘ಲಿನಕ್ಸ್ ಬೆಂಗಳೂರು’ ಎಂಬ ಸಮಾವೇಶ ಆರಂಭಿಸಿದರು. 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡ ಅದು 2012ರ ತನಕ ನಡೆಯಿತು. ಇಷ್ಟರ ನಡುವೆ ಅವರು ಹಾಡುಗಾರ, ಗಿಟಾರ್ ವಾದಕ. ಪತ್ರಿಕೆಗೆ ಅಂಕಣ ಬರೆದರು. 2013ರ ಜೂನ್ 3ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 51 ವರ್ಷ. ಗಿಟಾರು ಹಿಡಿದ ಕೈಯೇ ಕಂಪ್ಯೂಟರನ್ನೂ ಹಿಡಿದಿತ್ತು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಇನ್ನೊಂದು ಹೆಸರು ನಮ್ಮ ಕಾಲದ್ದೇ. ಬೆಂಗಳೂರಿನ ಓಂಶಿವಪ್ರಕಾಶ್ ಅವರ ವೃತ್ತಿ ಲಿನಕ್ಸ್, ತಂತ್ರಜ್ಞಾನದ್ದು. ಲಿನಕ್ಸ್ ಬಗ್ಗೆ ‘ಲಿನಕ್ಸಾಯಣ’ ಎಂಬ ಹೆಸರಿನಲ್ಲಿ ಕನ್ನಡದಲ್ಲೇ ಬರೆದರು. ಫೋಟೋ ತೆಗೆಯುವುದು, ಕನ್ನಡ ವಿಕಿಪೀಡಿಯಕ್ಕೆ ದುಡಿಯುವುದು, ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಓದಲು ಸಿಗುವಂತೆ ಮಾಡುವುದು ಅವರ ಹವ್ಯಾಸಗಳು. ಆ ಹವ್ಯಾಸದ ದೊಡ್ಡ ಫಲ ‘ವಚನ ಸಂಚಯ’. ವಿಮರ್ಶಕ ಓ.ಎಲ್. ನಾಗಭೂಷಣ ಸ್ವಾಮಿ ಅವರಂಥ ಹಿರಿಯರು, ತಂತ್ರಜ್ಞಾನ ಬಲ್ಲ ಗೆಳೆಯರು ಕೂಡಿ ಕಟ್ಟಿದ್ದು ಅದು. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳು ಅಲ್ಲಿವೆ. ‘ಕಾಯಕ’ ಎಂದು ಟೈಪ್ ಮಾಡಿದರೆ ಸಾಕು, ಆ ಪದ ಬಂದ ವಚನಗಳೆಲ್ಲ ಎದುರಿಗೆ ಬರುತ್ತವೆ. ಮೊದಲಾದರೆ ಸಮಗ್ರ ವಚನ ಸಂಪುಟದ 15 ದಪ್ಪ ಸಂಪುಟಗಳನ್ನು ತಿರುವಿ ಹಾಕಬೇಕಿತ್ತು. ನಮ್ಮ ಹಳ್ಳಿಯ ಶಾಲಾ ಮಾಸ್ತರರು, ಪ್ರವಚನ ಹೇಳುವ ಸ್ವಾಮಿಗಳು ಇಂದು ಅದನ್ನು ಫೋನಿನಲ್ಲೇ ಹುಡುಕಬಹುದು. ಒಬ್ಬ ಎಂಜಿನಿಯರ್ ಕೆಲಸ ಮುಗಿಸಿ ಮನೆಗೆ ಬಂದು ಸುಮ್ಮನೆ ಮಲಗಿಬಿಟ್ಟಿದ್ದರೆ ಇಂಥದ್ದು ಆಗುತ್ತಿರಲಿಲ್ಲ.

ಲಿನಕ್ಸ್‌ನ ಇನ್ನೊಂದು ಗುಟ್ಟು ನಮ್ಮ ಊರಿಗೆ ಹೊಸದಲ್ಲ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಮುಂದಿನವರಿಗೆ ತೆರೆದಿಡಬೇಕು, ಅಷ್ಟೇ ಕರಾರು. ಶ್ರೀಕೃಷ್ಣ ಪಾರಿಜಾತದ ಕಥೆ ನೆನಪಿಸಿಕೊಳ್ಳಿ. ಮೂಲ ಬರೆದವರು ಅಪರಾಳ ತಮ್ಮಣ್ಣ. ಅದನ್ನು ತಿದ್ದಿ, ಹಾಡು-ಮಾತು ಹೊಂದಿಸಿ, ಬಯಲಾಟಕ್ಕೆ ಒಗ್ಗಿಸಿ ಊರೂರಿಗೆ ಮುಟ್ಟಿಸಿದವರು ನಮ್ಮ ಕುಲಗೋಡ ತಮ್ಮಣ್ಣ. ಮುಂದೆ ಪಕ್ಕದ ಕೌಜಲಗಿಯ ನಿಂಗಮ್ಮ ಅದೇ ಆಟದಿಂದ ನಾಡಿಗೆಲ್ಲ ಹೆಸರಾದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬೆಳೆಸಿದರು, ಮೂರನೆಯವರು ಇನ್ನಷ್ಟು ಎತ್ತರಕ್ಕೆ ಒಯ್ದರು. ಯಾರೂ ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಪಾರಿಜಾತ ಉಳಿದದ್ದು ಹಾಗೆ, ಲಿನಕ್ಸ್ ಬೆಳೆದದ್ದೂ ಹಾಗೆ. ಆಟದವರೆಲ್ಲ ಹಗಲು ಹೊಲ-ಮನೆ ನೋಡಿ ರಾತ್ರಿ ಬಣ್ಣ ಹಚ್ಚಿದ ಮಂದಿಯ ಸಾಲಿನವರೇ ಎಂಬುದನ್ನು ಮರೆಯಬಾರದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. “ಬರ್ಲಿನ್‌ದಾಗ ಹುಟ್ಟಿದವರಿಗೂ ಬೆಂಗಳೂರಾಗ ಇರೋರಿಗೂ ಹವ್ಯಾಸ ಚಂದ. ಕಬ್ಬು ಕಡಿಯಾಕ ಹೋಗೋ ನಮಗ ಯಾವ ಹವ್ಯಾಸ?” ಈ ಮಾತಿನಲ್ಲಿ ನಿಜವಿದೆ. ಇಂಗ್ಲಿಷ್ ಬಲ್ಲ, ಮನೆಯಲ್ಲಿ ಕಂಪ್ಯೂಟರ್ ಇದ್ದ ಮಕ್ಕಳಿಗೆ ದಾರಿ ಸಲೀಸು. ಹವ್ಯಾಸ ಇದ್ದ ಮಾತ್ರಕ್ಕೆ ನೌಕರಿ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಲವು ಕಂಪನಿಗಳು ಡಿಗ್ರಿ ಇಲ್ಲದವರ ಅರ್ಜಿಯನ್ನು ತೆರೆದೂ ನೋಡುವುದಿಲ್ಲ. ಆದ್ದರಿಂದ ಕಾಲೇಜು ಬಿಡಿ ಎಂದು ಯಾರಿಗೂ ಹೇಳಬೇಡಿ.

ಆದರೆ ಸಮಯದ ಮಾತಿಗೆ ಬಂದರೆ, ರಾತ್ರಿ ಊಟ ಆದ ಮೇಲೆ ಎರಡು ತಾಸು ರೀಲ್ಸ್ ನೋಡುವ ಹುಡುಗರು ಪ್ರತಿ ಓಣಿಯಲ್ಲೂ ಇದ್ದಾರೆ. ಸಮಯ ಇದೆ, ಅದು ಫೋನಿನೊಳಗೆ ಸೋರಿ ಹೋಗುತ್ತಿದೆ. ದುಡ್ಡಿನ ಮಾತಿಗೆ ಬಂದರೆ, ಲಿನಕ್ಸ್‌ಗೆ ಒಂದು ರೂಪಾಯಿಯೂ ಬೇಕಿಲ್ಲ. ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಎಲ್ಲ ಪುಕ್ಕಟೆ. ಒಂದು ಪೆನ್‌ಡ್ರೈವ್ ಮತ್ತು ಯಾರೋ ಮೂಲೆಗೆ ಹಾಕಿದ ಹಳೆಯ ಲ್ಯಾಪ್‌ಟಾಪ್ ಸಾಕು. ಲ್ಯಾಪ್‌ಟಾಪ್ ಇಲ್ಲದವರು ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಫೋನಿನಲ್ಲೇ ಲಿನಕ್ಸ್ ಕಮಾಂಡ್ ಕಲಿಯಬಹುದು. ಭಾಷೆಯ ಮಾತಿಗೆ ಬಂದರೆ, ಮುಂಬೈ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ನಲ್ಲಿ ಲಿನಕ್ಸ್ ಪಾಠಗಳು ಕನ್ನಡ ದನಿಯಲ್ಲೂ ಸಿಗುತ್ತವೆ. ಅದಕ್ಕೂ ಶುಲ್ಕವಿಲ್ಲ. ಹಾಗಿರುವಾಗ “ಮೂರು ತಿಂಗಳಲ್ಲಿ ನೌಕರಿ ಗ್ಯಾರಂಟಿ” ಎಂದು ಸಾವಿರಾರು ರೂಪಾಯಿ ಕೇಳುವವರ ಬಾಗಿಲಿಗೆ ಹೋಗುವ ಮುಂಚೆ ಒಂದು ತಿಂಗಳು ಪುಕ್ಕಟೆ ಕಲಿತು ನೋಡಿ. ರುಚಿ ಹತ್ತದಿದ್ದರೆ ದುಡ್ಡು ಉಳಿಯಿತು. ರುಚಿ ಹತ್ತಿದರೆ ಮುಂದಿನ ದಾರಿ ನಿಮಗೇ ಕಾಣುತ್ತದೆ.

ಮನೆಯವರನ್ನಷ್ಟೇ ದೂರಿದರೆ ಸಾಲದು, ಸರ್ಕಾರದ ಪಾಲೂ ಇದೆ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2000ರ ದಶಕದಿಂದಲೇ ಮಕ್ಕಳು ಕಂಪ್ಯೂಟರ್ ಕಲಿಯುತ್ತಿರುವುದು ಲಿನಕ್ಸ್ ಮೇಲೆ. ಆ ರಾಜ್ಯದಲ್ಲಿರುವ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ಪಾಠ, ಅದೂ ಕನ್ನಡದ ಪಠ್ಯಪುಸ್ತಕದಲ್ಲಿ. ಗಡಿಯಾಚೆಯ ಕನ್ನಡದ ಮಗು ಕಲಿಯಬಹುದಾದರೆ ಮೂಡಲಗಿ, ಗೋಕಾಕ, ಹುಕ್ಕೇರಿಯ ಮಗು ಯಾಕೆ ಕಲಿಯಬಾರದು?

ಇದಕ್ಕೆ ಸರಿಯಾದ ಹೊತ್ತೂ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬಹಳಷ್ಟು ಹಳೆಯ ಕಂಪ್ಯೂಟರುಗಳಿಗೆ ಹೊಂದುವುದಿಲ್ಲ. ಶಾಲೆಗಳಲ್ಲಿ, ಪಂಚಾಯ್ತಿಗಳಲ್ಲಿ ಇರುವ ಇಂಥ ಯಂತ್ರಗಳನ್ನು ‘ಕೆಟ್ಟಿವೆ’ ಎಂದು ಬರೆದು ಮೂಲೆಗೆ ತಳ್ಳುವುದು ಸುಲಭ. ಅವುಗಳಿಗೆ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ಓಡುತ್ತವೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಅಲ್ಲಿ ಎರಡು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಸಂಜೆ ಎರಡು ತಾಸು ಹುಡುಗ-ಹುಡುಗಿಯರಿಗೆ ಮುಟ್ಟಲು ಬಿಡಿ. ಕೆಡಿಸಿದರೆ ಕೆಡಿಸಲಿ, ಮತ್ತೆ ಹಾಕುವುದಕ್ಕೆ ಅರ್ಧ ತಾಸು ಸಾಕು. ಕೆಡಿಸಿ ಸರಿಮಾಡುವುದರಲ್ಲೇ ಈ ವಿದ್ಯೆ ಬರುವುದು. ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ “ಮುಟ್ಟಬ್ಯಾಡ್ರಿ, ಕೆಡ್ತದ” ಅನ್ನುವ ಶಾಲೆಯಿಂದ ಎಂಜಿನಿಯರ್ ಹುಟ್ಟುವುದಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಗಟಾರದ ಮಾತು ಮುಗಿದ ಮೇಲೆ ಈ ಒಂದು ಮಾತನ್ನೂ ಎತ್ತಿ. ನಮ್ಮೂರ ಶಾಲೆಯಲ್ಲಿ ಎಷ್ಟು ಕಂಪ್ಯೂಟರ್ ಇವೆ, ಎಷ್ಟು ನಡೆಯುತ್ತಿವೆ, ಮಕ್ಕಳ ಕೈಗೆ ಎಷ್ಟು ಸಿಗುತ್ತಿವೆ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮನೆಯಲ್ಲಿ ಪೇಟಿ ಬಾರಿಸುವ ಮಗಳಿದ್ದರೆ ಬಾರಿಸಲಿ, ಮೊಬೈಲ್ ಬಿಚ್ಚುವ ಮಗನಿದ್ದರೆ ಬಿಚ್ಚಲಿ. ಓದಿಗೆ ಒಂದು ಹೊತ್ತು, ಇದಕ್ಕೊಂದು ಹೊತ್ತು ಎಂದು ಗೊತ್ತು ಮಾಡಿಕೊಡಿ. ನೌಕರಿ ಇವತ್ತು ಬರುತ್ತದೆ, ನಾಳೆ ಹೋಗುತ್ತದೆ. ತಾನಾಗಿ ಕಲಿಯುವ ಚಟ ಒಮ್ಮೆ ಹತ್ತಿದರೆ ಅದನ್ನು ಯಾವ ಕಂಪನಿಯೂ ಕಿತ್ತುಕೊಳ್ಳಲಾರದು.