ಆಪರೇಷನ್ ಥಿಯೇಟರಿನಲ್ಲಿ ತಂತಿಯಿಲ್ಲದ ವಿದ್ಯುತ್ತು: ಪರ–ವಿರೋಧ

ಪ್ರಶ್ನೆ

ಬೆಂಗಳೂರು–ಪುಣೆ ಹೆದ್ದಾರಿ ತುಮಕೂರನ್ನೂ, ಬೆಂಗಳೂರು–ಮಂಗಳೂರು ಹೆದ್ದಾರಿ ಕುಣಿಗಲ್ಲನ್ನೂ, ತುಮಕೂರಿನಿಂದ ಶಿವಮೊಗ್ಗದತ್ತ ಸಾಗುವ ರಸ್ತೆ ಗುಬ್ಬಿಯನ್ನೂ ಹಾದು ಹೋಗುವುದರಿಂದ, ಈ ಮೂರು ಊರುಗಳ ಆಸ್ಪತ್ರೆಗಳಿಗೆ ಮೂಳೆ ಮುರಿದುಕೊಂಡವರು ಬರುವುದು ತಪ್ಪಿದ್ದೇ ಇಲ್ಲ. ಜಿಲ್ಲಾ ಆಸ್ಪತ್ರೆಯಲ್ಲಾಗಲಿ, 1988ರಲ್ಲಿ ಆರಂಭವಾದ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಯಲ್ಲಾಗಲಿ ಮುರಿದ ಮೂಳೆಗೆ ಪ್ಲೇಟು ಕೂರಿಸಬೇಕಾದರೆ ಡ್ರಿಲ್ ಬೇಕು, ಪಿತ್ತಕೋಶ ತೆಗೆಯಬೇಕಾದರೆ ಲ್ಯಾಪ್ರೋಸ್ಕೋಪಿಯ ಕ್ಯಾಮೆರಾ ಮತ್ತು ದೀಪ ಬೇಕು, ರಕ್ತಸ್ರಾವ ನಿಲ್ಲಿಸಲು ಕಾಟರಿ ಬೇಕು. ಇವೆಲ್ಲಕ್ಕೂ ವಿದ್ಯುತ್ತು ಬೇಕು. ಈಚಿನ ಉಪಕರಣಗಳಲ್ಲಿ ಹಿಡಿಯೊಂದು, ಅದರ ತುದಿಗೆ ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಕಳಚುವ ಭಾಗಗಳು ಹಲವು. ಅಂಗಾಂಶದ ಬಿಗಿತ ಅಳೆಯುವ ಸಂವೇದಕ, ಸಣ್ಣ ದೀಪ, ತಾಪಮಾಪಕ, ಕ್ಯಾಮೆರಾ ಇವು ಅಂಥ ಜೋಡಣೆಗಳು. ಲೋಹದ ಪಿನ್ನುಗಳು ಒಂದಕ್ಕೊಂದು ತಾಗುವ ಬದಲು, ಹಿಡಿಯೊಳಗಿನ ಸುರುಳಿಯಿಂದ ಜೋಡಣೆಯೊಳಗಿನ ಸುರುಳಿಗೆ ಕಾಂತಕ್ಷೇತ್ರದ ಮೂಲಕವೇ ವಿದ್ಯುತ್ತನ್ನು ದಾಟಿಸುವ ವಿನ್ಯಾಸಗಳು ಉಪಕರಣ ತಯಾರಕರ ಪೇಟೆಂಟ್ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿವೆ. ತುಮಕೂರು, ಗುಬ್ಬಿ, ಕುಣಿಗಲ್‌ಗಳಂಥ ಊರುಗಳ ಆಸ್ಪತ್ರೆಗಳು ತಮ್ಮ ಮುಂದಿನ ಖರೀದಿಗಳಲ್ಲಿ ಇಂಥ ವಿನ್ಯಾಸವನ್ನು ಬಯಸಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಬೇಕು ಎನ್ನುವವರ ವಾದ ಆರಂಭವಾಗುವುದು ಆಟೋಕ್ಲೇವ್ ಇರುವ ಕೋಣೆಯಿಂದ. ಒತ್ತಡದ ಹಬೆಯಿಂದ ಉಪಕರಣಗಳನ್ನು ಸೂಕ್ಷ್ಮಾಣುರಹಿತಗೊಳಿಸುವ ಈ ಯಂತ್ರದಲ್ಲಿ ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್ ಶಾಖ ಹೆಚ್ಚು ಹೊತ್ತು, ಅಥವಾ ಒಳಗಿನ ಗಾಳಿಯನ್ನು ಮೊದಲೇ ಹೀರಿ ತೆಗೆಯುವ ಮಾದರಿಗಳಲ್ಲಿ 134 ಡಿಗ್ರಿ ಶಾಖ ಕೆಲವೇ ನಿಮಿಷ ಇರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಕತ್ತರಿಯೂ ಫೋರ್ಸೆಪ್ಸೂ ಇದನ್ನು ವರ್ಷಗಟ್ಟಲೆ ತಾಳಿಕೊಳ್ಳುತ್ತವೆ; ವಿದ್ಯುತ್ ಸಂಪರ್ಕದ ಪಿನ್ನು ತಾಳಿಕೊಳ್ಳುವುದಿಲ್ಲ. ಸೂಜಿಮೊನೆಯಷ್ಟು ಸಣ್ಣ ಸ್ಪ್ರಿಂಗಿನ ಮೇಲೆ ಕುಳಿತ, ಚಿನ್ನದ ತೆಳುಲೇಪವಿರುವ ಈ ಪಿನ್ನಿನ ಬುಡದಲ್ಲಿ ಕೂದಲೆಳೆಯಷ್ಟು ಸಂದಿರುತ್ತದೆ. ಒಣಗಿದ ರಕ್ತ ಅಲ್ಲಿ ನಿಂತರೆ ಬ್ರಷ್ಷಿಗೆ ಸಿಕ್ಕುವುದಿಲ್ಲ, ರಕ್ತ ಇದ್ದ ಕಡೆಗೆ ಹಬೆಯೂ ಸರಿಯಾಗಿ ತಲುಪುವುದಿಲ್ಲ. ಶಸ್ತ್ರಕ್ರಿಯೆಯ ವೇಳೆ ಸಲೈನ್, ಅಂದರೆ ಉಪ್ಪು ಬೆರೆತ ದ್ರವ, ಎರಡು ಪಿನ್ನುಗಳ ನಡುವೆ ಹರಿದರೆ ಅದೇ ಒಂದು ವಿದ್ಯುನ್ಮಾರ್ಗವಾಗಿ, ವಿದ್ಯುದ್ವಿಭಜನೆಯಿಂದ ಲೋಹವನ್ನು ತಿನ್ನತೊಡಗುತ್ತದೆ. ಇದಕ್ಕೆ ಜಿಲ್ಲೆಯದೇ ಒಂದು ಕಾರಣವೂ ಸೇರಿಕೊಳ್ಳುತ್ತದೆ. ಹೇಮಾವತಿಯ ನೀರು ತಲುಪದ ಕಡೆ ಕೊಳವೆಬಾವಿಯೇ ಗತಿಯಾಗಿರುವ ಈ ಬಯಲುಸೀಮೆಯಲ್ಲಿ, ನೀರು ಗಡಸಾಗಿದ್ದು ಅದನ್ನು ಶುದ್ಧೀಕರಿಸದೆ ಬಾಯ್ಲರಿಗೆ ಬಿಟ್ಟರೆ, ಆಟೋಕ್ಲೇವಿನ ಗೋಡೆಗೂ ಉಪಕರಣಗಳ ಸಂದಿಗೂ ಬಿಳಿಯ ಸುಣ್ಣದ ಪದರ ಕಟ್ಟಿಕೊಳ್ಳುತ್ತದೆ. ಕತ್ತರಿಯ ಮೇಲಿನ ಪದರವನ್ನು ಉಜ್ಜಿ ತೆಗೆಯಬಹುದು. ಪಿನ್ನಿನ ಮೇಲೆ ಕಟ್ಟಿದ ಪದರ ಶಸ್ತ್ರಕ್ರಿಯೆಯ ನಡುವೆ ದೀಪ ಮಿಣುಕುವ ರೂಪದಲ್ಲಿ ತನ್ನ ಇರವನ್ನು ತೋರಿಸುತ್ತದೆ.

ಪಿನ್ನನ್ನೇ ತೆಗೆದುಹಾಕಿದರೆ ಸಂದಿಯೂ ಇರುವುದಿಲ್ಲ ಎಂಬುದು ಪರವಾದದ ತಿರುಳು. ಒಂದು ಸುರುಳಿಯಲ್ಲಿ ಬದಲಾಗುತ್ತಿರುವ ವಿದ್ಯುತ್ ಪ್ರವಾಹವು ಪಕ್ಕದ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ಪ್ರೇರಣೆಯ ತತ್ತ್ವವೇ ಇಲ್ಲಿ ಕೆಲಸ ಮಾಡುವುದರಿಂದ, ಎರಡೂ ಸುರುಳಿಗಳನ್ನು ಪಿಂಗಾಣಿಯಲ್ಲೋ ಶಾಖ ತಾಳುವ ಪ್ಲಾಸ್ಟಿಕ್ಕಿನಲ್ಲೋ ಪೂರ್ತಿಯಾಗಿ ಹುದುಗಿಸಿಬಿಡಬಹುದು. ಹೊರಮೈ ನುಣುಪಾಗಿ, ಒರೆಸಿದರೆ ಶುದ್ಧವಾಗುವಂತಿರುತ್ತದೆ. ತಂತಿಯಿಲ್ಲದ ವಿದ್ಯುತ್ತು ಎಂದೊಡನೆ ಕೋಣೆಯ ಗಾಳಿಯಲ್ಲೆಲ್ಲ ವಿದ್ಯುತ್ತು ಹರಿದಾಡುವುದೆಂದು ಊಹಿಸುವವರು ಉಂಟು. ಅಂಥ ಪ್ರಯೋಗಗಳೂ ನಡೆದಿಲ್ಲವೆಂದಲ್ಲ. 2007ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಸುಮಾರು 2 ಮೀಟರ್ ದೂರದಿಂದ 60 ವಾಟ್‌ನ ಬಲ್ಬನ್ನು ಉರಿಸಿ ತೋರಿಸಿದರು, ಆದರೆ ಆ ದೂರದಲ್ಲಿ ಬಲ್ಬಿಗೆ ತಲುಪಿದ್ದು ಕಳುಹಿಸಿದ ಶಕ್ತಿಯ ಶೇ 40ರಷ್ಟು ಮಾತ್ರ. ಉಪಕರಣದ ಹಿಡಿಗೂ ಜೋಡಣೆಗೂ ನಡುವೆ ಇರುವುದು ಮೀಟರಲ್ಲ, ಒಂದೆರಡು ಮಿಲಿಮೀಟರಿನ ಪ್ಲಾಸ್ಟಿಕ್ ಗೋಡೆ. ಅಷ್ಟು ಹತ್ತಿರದಲ್ಲಿ ಸುರುಳಿಗಳ ಹೊಂದಾಣಿಕೆ ಬಿಗಿಯಾಗಿರುವುದರಿಂದ ಶಕ್ತಿಯ ಬಹುಪಾಲು ದಾಟುತ್ತದೆ. ಸ್ನಾನದ ಮನೆಯ ತೇವದಲ್ಲೇ ಬದುಕುವ ವಿದ್ಯುತ್ ಹಲ್ಲುಜ್ಜುವ ಬ್ರಷ್ ಚಾರ್ಜ್ ಆಗುವುದು ಹೀಗೆಯೇ.

ಮಾನವ ದೇಹಕ್ಕೆ ಇದು ಹೊಸದಲ್ಲ ಎಂಬುದನ್ನೂ ಪರವಾದಿಗಳು ನೆನಪಿಸುತ್ತಾರೆ, ಮತ್ತು ಅವರ ವಾದಗಳಲ್ಲಿ ಅಲ್ಲಗಳೆಯಲು ಕಷ್ಟವಾದದ್ದು ಬಹುಶಃ ಇದೇ. ಹುಟ್ಟಿನಿಂದಲೇ ಕಿವಿ ಕೇಳದ ಮಕ್ಕಳಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟಿನಲ್ಲಿ, ಚರ್ಮದ ಒಳಗಿನ ಭಾಗಕ್ಕೆ ಸಾಮಾನ್ಯವಾಗಿ ಬ್ಯಾಟರಿಯೇ ಇರುವುದಿಲ್ಲ; ಕಿವಿಯ ಹಿಂದೆ ಅಯಸ್ಕಾಂತದಿಂದ ಅಂಟಿಕೊಂಡು ಕೂರುವ ಹೊರಗಿನ ಸುರುಳಿ ಚರ್ಮದ ಮೂಲಕವೇ ವಿದ್ಯುತ್ತನ್ನೂ ಧ್ವನಿಯ ಸಂಕೇತವನ್ನೂ ಒಳಕ್ಕೆ ಕಳುಹಿಸುತ್ತದೆ. ದಶಕಗಳಿಂದ, ಎಚ್ಚರವಿರುವ ಹೊತ್ತೆಲ್ಲ, ಮಗುವಿನ ತಲೆಯ ಪಕ್ಕದಲ್ಲೇ ನಡೆಯುತ್ತಿರುವ ಕ್ರಿಯೆಯನ್ನು ಒಂದು ಗಂಟೆಯ ಶಸ್ತ್ರಕ್ರಿಯೆಗೆ ಅಪಾಯಕಾರಿ ಎನ್ನಲು ಬಲವಾದ ಕಾರಣ ಬೇಕು.

ಇನ್ನು ಬ್ಯಾಟರಿಯ ಮಾತು. ಮೂಳೆ ಕೊರೆಯುವ ಡ್ರಿಲ್ಲಿನ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 60 ಡಿಗ್ರಿ ದಾಟಿದರೆ ಹಾಳಾಗತೊಡಗುವುದರಿಂದ ಅದನ್ನು ಆಟೋಕ್ಲೇವಿಗೆ ಹಾಕುವಂತಿಲ್ಲ. ಬದಲಿಗೆ, ಶುದ್ಧೀಕರಿಸಿದ ಕೊಳವೆಯಂಥ ಕವಚವನ್ನು ಹಿಡಿಗೆ ಸಿಕ್ಕಿಸಿ, ಶುದ್ಧವಲ್ಲದ ಬ್ಯಾಟರಿ ಅದರ ಹೊರಮೈಗೆ ತಾಗದಂತೆ ಒಬ್ಬರು ಬ್ಯಾಟರಿಯನ್ನು ಒಳಕ್ಕೆ ಜಾರಿಸಿ, ಕವಚವನ್ನು ತೆಗೆದು ಮುಚ್ಚಳ ಹಾಕುವ ವಿಧಾನ ಬಳಕೆಯಲ್ಲಿದೆ. ನುರಿತ ಕೈಗಳಿಗೆ ಇದು ಸುಲಭ. ರಾತ್ರಿ ಪಾಳಿಯಲ್ಲಿ ಒಬ್ಬರೇ ಸ್ಟಾಫ್ ನರ್ಸ್ ಇರುವ ಕಡೆ ಇದರಲ್ಲೇ ತಪ್ಪಾಗುವ ಸಂಭವ ಹೆಚ್ಚು. ಪ್ರತಿ ಜೋಡಣೆಗೂ ಪ್ರತ್ಯೇಕ ಬಟನ್ ಬ್ಯಾಟರಿ ಇಟ್ಟು ಬಳಸಿ ಎಸೆಯುವ ವಿನ್ಯಾಸಗಳಿಗಂತೂ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಒಂದು ಕಡೆ, 2022ರ ಬ್ಯಾಟರಿ ತ್ಯಾಜ್ಯ ನಿಯಮ ಇನ್ನೊಂದು ಕಡೆ ಎಳೆಯುತ್ತವೆ. ರಕ್ತ ಅಂಟಿದ ಬ್ಯಾಟರಿ ಯಾವ ಬಣ್ಣದ ಚೀಲಕ್ಕೆ ಸೇರಬೇಕೆಂಬ ಗೊಂದಲವನ್ನು ವಾರ್ಡಿನ ಗ್ರೂಪ್ ಡಿ ನೌಕರರ ತಲೆಗೆ ಕಟ್ಟುವುದು ನ್ಯಾಯವಲ್ಲ. ವಿದ್ಯುತ್ತು ಹಿಡಿಯಿಂದಲೇ ಬಂದರೆ ಜೋಡಣೆಯೊಳಗೆ ಬ್ಯಾಟರಿ ಬೇಕಿಲ್ಲ.

ಪರವಾದಿಗಳು ತಮ್ಮ ಮಾತಿಗೆ ಒಂದು ಮಿತಿಯನ್ನು ತಾವೇ ಹಾಕಿಕೊಳ್ಳುತ್ತಾರೆ. ದೀಪ, ಕ್ಯಾಮೆರಾ, ಸಂವೇದಕಗಳು ಕೇಳುವುದು ಒಂದೆರಡು ವಾಟ್ ಅಥವಾ ಅದಕ್ಕಿಂತ ಕಡಿಮೆ. ತೊಡೆಮೂಳೆಯನ್ನು ಕೊರೆಯುವ ಮೋಟಾರು ಬಿಗಿಯಾಗಿ ಸಿಕ್ಕಿಕೊಂಡಾಗ ಕೇಳುವುದು ಅದರ ಹತ್ತಾರು ಪಟ್ಟು. ಮೊದಲನೆಯವಕ್ಕೆ ಸುರುಳಿ ತಕ್ಕದ್ದು, ಎರಡನೆಯದಕ್ಕೆ ಹಿಡಿಯಲ್ಲಿನ ಬ್ಯಾಟರಿಯೋ ಗಾಳಿಯ ಒತ್ತಡವೋ ಸದ್ಯಕ್ಕೆ ಇರಲಿ ಎನ್ನುವುದೇ ಅವರ ನಿಲುವು.

ವಿರೋಧ

ಬೇಡ ಎನ್ನುವವರು ಮೊದಲು ಕೇಳುವುದು, ಯಾವ ಆಸ್ಪತ್ರೆಗೆ ಎಂದು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಯೆಂದರೆ ಸಾಮಾನ್ಯವಾಗಿ 100 ಹಾಸಿಗೆಗಳ ಸಂಸ್ಥೆ. ಅಲ್ಲಿನ ಓಟಿಯಲ್ಲಿ ಹೆಚ್ಚಾಗಿ ನಡೆಯುವುದು ಸಿಸೇರಿಯನ್, ಸಂತಾನಶಕ್ತಿಹರಣ, ಹರ್ನಿಯಾ, ಸಣ್ಣಪುಟ್ಟ ಮುರಿತಗಳ ಚಿಕಿತ್ಸೆ. ಈ ಕೆಲಸಗಳಿಗೆ ಬೇಕಾದ್ದು ನೆರಳು ಬೀಳದ ದೀಪ, ನಂಬಬಹುದಾದ ಕಾಟರಿ, ಕೈಕೊಡದ ಸಕ್ಷನ್ ಮತ್ತು ಅರಿವಳಿಕೆ ತಜ್ಞರು. ಇವುಗಳಲ್ಲಿ ಯಾವುದಕ್ಕೂ ಕಳಚುವ ಜೋಡಣೆ ಇಲ್ಲ, ಆದ್ದರಿಂದ ಜೋಡಣೆಗೆ ವಿದ್ಯುತ್ತು ಹೇಗೆ ಬರಬೇಕೆಂಬ ಪ್ರಶ್ನೆಯೂ ಹುಟ್ಟುವುದಿಲ್ಲ. ಗಡಸು ನೀರಿನಿಂದ ಪಿನ್ನು ಹಾಳಾಗುತ್ತದೆಂಬುದು ನಿಜವಾದರೆ, ಆಟೋಕ್ಲೇವಿಗೆ ಆರ್‌ಒ ನೀರಿನ ಸಂಪರ್ಕ ಕೊಡುವುದು ಹೊಸ ತಲೆಮಾರಿನ ಉಪಕರಣ ಕೊಳ್ಳುವುದಕ್ಕಿಂತ ಅಗ್ಗವೂ ಹೌದು, ಇಡೀ ಓಟಿಗೆ ಉಪಕಾರಿಯೂ ಹೌದು. ಈ ಉತ್ತರಕ್ಕೆ ಪರವಾದಿಗಳ ಬಳಿ ಸಮರ್ಪಕ ಮರುಮಾತಿಲ್ಲ ಎಂಬುದನ್ನು ಒಪ್ಪಬೇಕಾಗುತ್ತದೆ.

ಎರಡನೆಯ ಆಕ್ಷೇಪ ಭೌತವಿಜ್ಞಾನದ್ದು. ಲ್ಯಾಪ್ರೋಸ್ಕೋಪಿಯ ಉಪಕರಣದ ಕೊಳವೆ ಬಹುಪಾಲು 5 ಅಥವಾ 10 ಮಿಲಿಮೀಟರ್ ವ್ಯಾಸದ್ದು, ಅದೂ ಉಕ್ಕಿನದು. ಬದಲಾಗುವ ಕಾಂತಕ್ಷೇತ್ರ ಉಕ್ಕಿನೊಳಗೆ ಸುಳಿಯಂತೆ ಸುತ್ತುವ ಪ್ರವಾಹಗಳನ್ನು ಎಬ್ಬಿಸಿ ಅದನ್ನು ಬಿಸಿಮಾಡುತ್ತದೆ. ಇಂಡಕ್ಷನ್ ಒಲೆಯ ಮೇಲೆ ಪಾತ್ರೆ ಕಾಯುವುದಕ್ಕೆ ಇದೇ ಕಾರಣ. ಕಳುಹಿಸಿದ 3 ವಾಟ್‌ನಲ್ಲಿ 2 ವಾಟ್ ತಲುಪಿತೆಂದರೆ ಉಳಿದ 1 ವಾಟ್ ಹಿಡಿಗೂ ಜೋಡಣೆಗೂ ನಡುವಿನ ಬೆರಳಗಲದ ಕೀಲಿನಲ್ಲೇ ಶಾಖವಾಗಿ ಉಳಿಯಿತೆಂದು ಅರ್ಥ. ರೋಗಿಗೆ ತಾಗುವ ಉಪಕರಣಭಾಗ ದೀರ್ಘ ಸಂಪರ್ಕದಲ್ಲಿ 43 ಡಿಗ್ರಿ ಮೀರಬಾರದೆಂದು ವೈದ್ಯಕೀಯ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ವಿಧಿಸುತ್ತದೆ. ದೇಹದ ಶಾಖವೇ 37 ಆಗಿರುವಾಗ ವಿನ್ಯಾಸಕನ ಕೈಯಲ್ಲಿರುವುದು ಆರೇ ಡಿಗ್ರಿ. ಉಕ್ಕಿನ ಬದಲು ಪ್ಲಾಸ್ಟಿಕ್ ಹಾಕಿದರೆ ಬಿಸಿ ತಗ್ಗುತ್ತದೆ, ಆದರೆ ಬಲವೂ ತಗ್ಗುತ್ತದೆ. ಹೊಟ್ಟೆಯೊಳಗೆ ಉಪಕರಣವನ್ನು ಸನ್ನೆಯಂತೆ ಬಳಸಿ ಅಂಗಾಂಶ ಎತ್ತುವ ಶಸ್ತ್ರವೈದ್ಯರಿಗೆ ಅದೇ ಕೀಲಿನ ಮೇಲೆ ಭಾರ ಬೀಳುವುದು ಗೊತ್ತಿರುವ ಸಂಗತಿ.

ಕಾಟರಿಯ ವಿಷಯ ಇನ್ನೂ ತೊಡಕಿನದು. ವಿಲಿಯಂ ಬೋವಿ ರೂಪಿಸಿದ ಯಂತ್ರವನ್ನು ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1926ರಲ್ಲಿ ಬಳಸಿದಂದಿನಿಂದ ಶಸ್ತ್ರಕ್ರಿಯೆಯ ಅವಿಭಾಜ್ಯ ಅಂಗವಾದ ಕಾಟರಿ, ಸೆಕೆಂಡಿಗೆ ಹೆಚ್ಚುಕಡಿಮೆ 3ರಿಂದ 5 ಲಕ್ಷ ಆವರ್ತನೆಗಳ ಪ್ರವಾಹವನ್ನು, ರಕ್ತ ಹೆಪ್ಪುಗಟ್ಟಿಸುವಾಗ ಸಾವಿರಾರು ವೋಲ್ಟ್‌ಗಳ ಒತ್ತಡದಲ್ಲಿ, ರೋಗಿಯ ದೇಹದ ಮೂಲಕವೇ ಹರಿಸುತ್ತದೆ. ಮೊಬೈಲ್ ಫೋನುಗಳ ತಂತಿರಹಿತ ಚಾರ್ಜಿಂಗ್ ನಡೆಯುವುದು 1ರಿಂದ 2 ಲಕ್ಷ ಆವರ್ತನೆಗಳ ಆಸುಪಾಸಿನಲ್ಲಿ. ಅದೇ ತಂತ್ರವನ್ನು ಉಪಕರಣಕ್ಕೆ ತಂದರೆ ಎರಡೂ ನೆರೆಹೊರೆಯವರಾಗುತ್ತವೆ. ಪಿನ್ನಿಗಿಂತ ಸುರುಳಿ ಒಳ್ಳೆಯ ಆಂಟೆನಾ ಆಗಿರುವುದರಿಂದ, ಪಕ್ಕದಲ್ಲಿ ಕಾಟರಿ ಒತ್ತಿದ ಕ್ಷಣದಲ್ಲಿ ಸಂವೇದಕದ ಅಂಕೆ ಜಿಗಿಯಬಹುದು, ಪುಟ್ಟ ಪ್ರೊಸೆಸರ್ ತನ್ನಷ್ಟಕ್ಕೆ ಮರುಚಾಲನೆಗೊಳ್ಳಬಹುದು. ಬೇರೆ ಆವರ್ತನೆ ಆರಿಸಿ, ಶೋಧಕ ಮಂಡಲ ಸೇರಿಸಿ ಇದನ್ನು ನಿಭಾಯಿಸಲು ಸಾಧ್ಯವಿದೆ. ಆದರೆ ಆ ಪರೀಕ್ಷೆ ನಡೆಯುವುದು ತಯಾರಕರ ಪ್ರಯೋಗಾಲಯದಲ್ಲಿ, ಅಲ್ಲಿರುವ ಹೊಸ ಕಾಟರಿಯ ಜೊತೆ. ತಾಲ್ಲೂಕು ಓಟಿಯ ಹಳೆಯ ಕಾಟರಿ, ಸಡಿಲವಾದ ಅರ್ತಿಂಗ್, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ನೇತುಬಿದ್ದ ಮೂರು ಯಂತ್ರಗಳ ಜೊತೆ ಆ ಉಪಕರಣ ಹೇಗೆ ನಡೆದುಕೊಳ್ಳುತ್ತದೆಂಬುದು ಮೊದಲ ಬಾರಿಗೆ ತಿಳಿಯುವುದು ರೋಗಿ ಮೇಜಿನ ಮೇಲಿದ್ದಾಗ.

ವಿರೋಧಿಗಳ ಮೂರನೆಯ ಮಾತು ರಿಪೇರಿಯದು, ಮತ್ತು ಇದರಲ್ಲಿ ತುಮಕೂರಿನ ಇತಿಹಾಸವೇ ಸಾಕ್ಷಿ ನುಡಿಯುತ್ತದೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂದಲೆಳೆಯಂಥ ಭಾಗಗಳನ್ನು ಕೂರಿಸುವ, ನೀರು ನುಸುಳದಂತೆ ಮುಚ್ಚುವ ಕೌಶಲ ಈ ಊರಿಗೆ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಿಂದ ಬಂದಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸುವ ಹೊತ್ತಿಗೆ ಆ ಕೌಶಲ ಚದುರಿಹೋಗಿತ್ತು. ಪಿನ್ನು ಕೆಟ್ಟರೆ ಸ್ಥಳೀಯ ತಂತ್ರಜ್ಞ ಸ್ಪಿರಿಟ್ಟಿನಲ್ಲಿ ಒರೆಸಿಯೋ ಬೆಸುಗೆ ಹಾಕಿಯೋ ಅಂದಿನ ಮಟ್ಟಿಗಾದರೂ ಕೆಲಸ ನಡೆಸುತ್ತಾನೆ. ಪೂರ್ತಿಯಾಗಿ ಹುದುಗಿಸಿದ ಸುರುಳಿಯನ್ನು ಬಿಚ್ಚುವುದೆಂದರೆ ಒಡೆಯುವುದೇ. ತಂತಿರಹಿತ ಚಾರ್ಜಿಂಗ್ ಕ್ಷೇತ್ರದ ಕಂಪನಿಗಳು 2008ರಲ್ಲಿ ಒಕ್ಕೂಟ ಕಟ್ಟಿಕೊಂಡು ಒಂದೇ ಮಾನದಂಡಕ್ಕೆ ಬಂದಂತೆ ಶಸ್ತ್ರಕ್ರಿಯಾ ಉಪಕರಣದವರು ಬಂದಿಲ್ಲವಾದ್ದರಿಂದ, ಒಂದು ಕಂಪನಿಯ ಹಿಡಿ ಕೊಂಡ ಆಸ್ಪತ್ರೆ ಜೋಡಣೆಗಳಿಗಾಗಿ ಅದೇ ಕಂಪನಿಯ ಬಾಗಿಲಿಗೆ ಹೋಗಬೇಕು. ಅತಿ ಕಡಿಮೆ ದರದವರಿಗೆ ಟೆಂಡರ್ ಕೊಡುವ ಪದ್ಧತಿಯಲ್ಲಿ ಹಿಡಿ ಅಗ್ಗವಾಗಿ ಬಂದು ಜೋಡಣೆ ದುಬಾರಿಯಾಗುವುದನ್ನು ತಡೆಯುವವರಿಲ್ಲ.

ಇಲ್ಲಿಗೆ ಪರವಾದಿಗಳು ಒಂದು ಪ್ರತ್ಯುತ್ತರ ಕೊಡುತ್ತಾರೆ: 1963ರಿಂದ ನಡೆದುಬಂದಿರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ನಗರದಲ್ಲೇ ಇದೆ, ಗುಬ್ಬಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ, ಸೂಕ್ಷ್ಮ ಕೆಲಸದ ಕೈಗಳು ಜಿಲ್ಲೆಗೆ ಮರಳುತ್ತಿರುವಾಗ ರಿಪೇರಿಯವರಿಲ್ಲ ಎನ್ನುವುದು ನಿನ್ನೆಯ ಮಾತು. ಇದರಲ್ಲಿ ಆಶಯ ಹೆಚ್ಚು, ಆಧಾರ ಕಡಿಮೆ. ಹೆಲಿಕಾಪ್ಟರ್ ಜೋಡಿಸುವ ತಂತ್ರಜ್ಞ ಆಸ್ಪತ್ರೆಯ ಉಪಕರಣಕ್ಕೆ ಕೈಹಾಕಲು ಕೌಶಲ ಸಾಲದು. 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಪರವಾನಗಿ ಪಡೆದ ಸಾಧನವನ್ನು ಹೊರಗಿನವರು ಬಿಚ್ಚಿ ಮುಚ್ಚಿದ ಮೇಲೆ ಅದರ ಹೊಣೆ ಯಾರದೆಂಬುದು ಇತ್ಯರ್ಥವಾಗಬೇಕು.

ವಿರೋಧಿಗಳೂ ಒಂದು ಕಡೆ ಪಟ್ಟು ಸಡಿಲಿಸುತ್ತಾರೆ. ದಿನವೂ ಲ್ಯಾಪ್ರೋಸ್ಕೋಪಿ ನಡೆಯುವ, ಬಯೋಮೆಡಿಕಲ್ ಎಂಜಿನಿಯರ್ ಕಾಯಂ ಆಗಿರುವ ತುಮಕೂರಿನ ಬೋಧನಾ ಆಸ್ಪತ್ರೆಯೊಂದು ದೀಪ ಅಥವಾ ಸಂವೇದಕದ ಮಟ್ಟಿಗೆ ಇದನ್ನು ತರಿಸಿಕೊಳ್ಳುವುದಾದರೆ ಅವರ ತಕರಾರಿಲ್ಲ. ಆದರೆ ಟೆಂಡರಿನಲ್ಲಿ ಮೂರು ಷರತ್ತುಗಳು ಬರಹದಲ್ಲಿರಬೇಕು ಎನ್ನುತ್ತಾರೆ. ಜೋಡಣೆ ಎಷ್ಟು ಬಾರಿ 134 ಡಿಗ್ರಿಯ ಹಬೆ ತಾಳುತ್ತದೆಂಬ ಖಾತರಿ, ಆಸ್ಪತ್ರೆಯ ಸ್ವಂತ ಕಾಟರಿಯ ಪಕ್ಕದಲ್ಲೇ ರೋಗಿಯಿಲ್ಲದೆ ನಡೆಸಿದ ಪರೀಕ್ಷೆಯ ವರದಿ, ಜೋಡಣೆಗಳ ದರ ಐದು ವರ್ಷ ಬದಲಾಗದೆಂಬ ಒಪ್ಪಂದ. ಈ ಮೂರಕ್ಕೂ ಸಹಿ ಹಾಕುವ ತಯಾರಕರು ಸಿಕ್ಕುವವರೆಗೆ ಗುಬ್ಬಿ, ಕುಣಿಗಲ್‌ಗಳ ಓಟಿಗೆ ಸಲ್ಲಬೇಕಾದ ಹಣ ಆಟೋಕ್ಲೇವಿನ ನೀರಿಗೂ ಅರ್ತಿಂಗ್‌ಗೂ ಹೋಗಲಿ ಎಂಬುದು ಅವರ ಬೇಡಿಕೆ. ಮೊದಲೆರಡು ಷರತ್ತುಗಳನ್ನು ಪರವಾದಿಗಳು ತಕರಾರಿಲ್ಲದೆ ಒಪ್ಪುತ್ತಾರೆ. ಮೂರನೆಯದು ಬಂದಾಗ, ಐದು ವರ್ಷದಲ್ಲಿ ತಂತ್ರಜ್ಞಾನವೇ ಬದಲಾಗುವುದರಿಂದ ಎರಡು ವರ್ಷ ಸಾಕೆಂದು ಚೌಕಾಸಿಗೆ ಇಳಿಯುತ್ತಾರೆ.